ಜಕಾರ್ತದ ಚಿನ್ನ ಮತ್ತು 1962ರ ಭಾರತೀಯ ಕಾಲ್ಚೆಂಡಾಟದ ಋತು

1962ನೆಯ ಇಸವಿ ಸೆಪ್ಟೆಂಬರ್ ತಿಂಗಳ 4ನೆಯ ತಾರೀಖು ಜಕಾರ್ತ ನಗರದಲ್ಲಿ ನಾಲ್ಕನೆಯ ಏಷ್ಯನ್ ಕ್ರೀಡೋತ್ಸವದ ಕಾಲ್ಚೆಂಡಾಟದ ಅಂತಿಮ ಪಂದ್ಯ ನಡೆಯಿತು. ಅದರಲ್ಲಿ ಭಾರತದ ತಂಡವು ದಕ್ಷಿಣ ಕೊರಿಯದ ತಂಡವನ್ನು 2–1 ಗೋಲುಗಳಿಂದ ಸೋಲಿಸಿ ಚಿನ್ನದ ಪದಕವನ್ನು ಗಳಿಸಿತು. 1951ರಲ್ಲಿ ದೆಹಲಿಯಲ್ಲಿ ಇರಾನನ್ನು 1–0 ಗೋಲಿನಿಂದ ಮಣಿಸಿ ಪಡೆದ ಪದಕವು ಮೊದಲನೆಯದು, ಇದು ಎರಡನೆಯದು. ಮೂರನೆಯದು ಇದುವರೆಗೆ ನಮಗೆ ದೊರೆತಿಲ್ಲ.

ಈ ಗೆಲವನ್ನು ಕುರಿತು ಬರೆದವರು ಸಾಮಾನ್ಯವಾಗಿ ಆ ಒಂದು ದಿನವನ್ನೇ ವರ್ಣಿಸಿ ಮುಗಿಸುತ್ತಾರೆ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಒಂದು ದಿನದ ಜಯಕ್ಕಿಂತ ಅದನ್ನು ಸಾಧ್ಯಗೊಳಿಸಿದ ವ್ಯವಸ್ಥೆಯು ಮುಖ್ಯ. ಹನ್ನೊಂದು ಮಂದಿ ಒಂದು ಮೈದಾನಕ್ಕೆ ಬಂದು ನಿಲ್ಲುವುದಕ್ಕೆ ಮೊದಲು ಅವರು ಎಲ್ಲಿ ಆಡಿ ಬೆಳೆದರು, ಯಾರ ಸಂಬಳದಿಂದ ಬದುಕಿದರು, ವರುಷದ ಯಾವ ಯಾವ ತಿಂಗಳುಗಳಲ್ಲಿ ಯಾವ ಯಾವ ಊರುಗಳಲ್ಲಿ ಸೆಣಸಿದರು ಎಂಬುದನ್ನು ತಿಳಿಯದೆ ಆ ಜಯದ ಅರ್ಥವು ಸ್ಪಷ್ಟವಾಗದು. ಆ ಜಯವು ಏಕೆ ಮುಂದುವರಿಯಲಿಲ್ಲವೆಂಬುದಂತೂ ಸ್ವಲ್ಪವೂ ತಿಳಿಯದು. ಆದ್ದರಿಂದ ಪ್ರಕೃತ ಲೇಖನದಲ್ಲಿ 1962ರ ಇಡೀ ಋತುವನ್ನು, ಎಂದರೆ ದೇಶದೊಳಗಿನ ಪಂದ್ಯಾವಳಿಗಳನ್ನೂ ಹೊರದೇಶದಲ್ಲಿ ಆಡಿದ ಪಂದ್ಯಗಳನ್ನೂ, ಒಟ್ಟಿಗೆ ಇಟ್ಟು ನೋಡಲು ಯತ್ನಿಸಲಾಗಿದೆ.

1. ಋತುವಿನ ಸ್ವರೂಪ

ಇಂಗ್ಲೆಂಡಿನಂಥ ದೇಶಗಳಲ್ಲಿ ಕಾಲ್ಚೆಂಡಾಟದ ಋತುವೆಂದರೆ ಒಂದು ರಾಷ್ಟ್ರೀಯ ಲೀಗು. ದೇಶದ ಪ್ರಮುಖ ತಂಡಗಳೆಲ್ಲವೂ ತಿಂಗಳುಗಟ್ಟಲೆ ಪರಸ್ಪರ ಎದುರಿಸಿ, ವರುಷದ ಕೊನೆಯಲ್ಲಿ ಒಂದು ತಂಡವು ಅಗ್ರಸ್ಥಾನವನ್ನು ಪಡೆಯುತ್ತದೆ. ನಮ್ಮ ದೇಶದಲ್ಲಿ 1962ರಲ್ಲಿ ಅಂಥ ಲೀಗು ಇರಲಿಲ್ಲ. ಅದು ಹುಟ್ಟಿದುದು 1996ರಲ್ಲಿ. ಅದಕ್ಕೆ ಮೊದಲು ನಮ್ಮಲ್ಲಿ ಇದ್ದುದು ನಗರ ನಗರಗಳಲ್ಲಿ ಬೇರೆ ಬೇರೆ ಕಾಲಗಳಲ್ಲಿ ಹುಟ್ಟಿದ ಬಹುಮಾನದ ಪಂದ್ಯಾವಳಿಗಳು ಮಾತ್ರ.

ಇವುಗಳಲ್ಲಿ ಹೆಚ್ಚಿನವು ಬ್ರಿಟಿಷ್ ಸೈನ್ಯದ ಬಳುವಳಿ. ಡ್ಯುರಾಂಡ್ ಕಪ್ಪು 1888ರಲ್ಲಿ ಸಿಮ್ಲಾದಲ್ಲಿ ಸೈನಿಕರ ವಿನೋದಕ್ಕಾಗಿ ಆರಂಭವಾಗಿ 1940ರಲ್ಲಿ ದೆಹಲಿಗೆ ಬಂದಿತು. ಮುಂಬಯಿಯ ರೋವರ್ಸ್ ಕಪ್ಪು, ಕಲ್ಕತ್ತದ ಐ.ಎಫ್.ಎ. ಶೀಲ್ಡು, ಕಲ್ಕತ್ತ ಲೀಗು ಇವು ಮೂರೂ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದವು. ಆರಂಭದಲ್ಲಿ ಇವೆಲ್ಲವೂ ಗೋರಾ ಪಲ್ಟನ್ನುಗಳ ಸ್ವತ್ತಾಗಿದ್ದುವು. 1911ರಲ್ಲಿ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ಪಲ್ಟನ್ನನ್ನು 2–1ರಿಂದ ಸೋಲಿಸಿ ಶೀಲ್ಡನ್ನು ಗೆದ್ದುದು ಆ ಸ್ವಾಮ್ಯಕ್ಕೆ ಬಿದ್ದ ಮೊದಲ ದೊಡ್ಡ ಪೆಟ್ಟು. ರೋವರ್ಸ್ ಕಪ್ಪನ್ನು ಪಲ್ಟನ್ನುಗಳ ಕೈಯಿಂದ ಮೊಟ್ಟಮೊದಲಿಗೆ ಕಿತ್ತುಕೊಂಡ ಭಾರತೀಯ ನಾಗರಿಕ ತಂಡವು ನಮ್ಮ ನಾಡಿನದೇ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ: 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಆ ಕಪ್ಪನ್ನು ಗೆದ್ದು, ಮರುವರ್ಷವೂ ಉಳಿಸಿಕೊಂಡಿತು.

ಪ್ರಾಂತಗಳ ನಡುವಣ ಸ್ಪರ್ಧೆಯಾದ ಸಂತೋಷ್ ಟ್ರೋಫಿಯು 1941ರಲ್ಲಿ ಸೇರಿಕೊಂಡಿತು. ಇದರ ಹೆಸರು ನಮ್ಮ ‘ಸಂತೋಷ’ ಎಂಬ ಪದದಿಂದ ಬಂದುದಲ್ಲ. ಬಂಗಾಳದ ಸಂತೋಷ್ ಎಂಬ ಜಮೀನುದಾರಿಯ ಮಹಾರಾಜ ಮನ್ಮಥನಾಥ ರಾಯ್ ಚೌಧುರಿಯವರ ಸ್ಮರಣಾರ್ಥವಾಗಿ ಇಟ್ಟುದು.

ಈ ಸ್ಪರ್ಧೆಗಳಿಗೆ ಒಂದು ಕ್ರಮವನ್ನು ಕೊಟ್ಟುದು ಯಾವುದೇ ಆಡಳಿತ ಮಂಡಲಿಯ ಯೋಜನೆಗಿಂತ ಹೆಚ್ಚಾಗಿ ಮಳೆಯೇ ಎನ್ನಬೇಕು. ಬೇಸಗೆಯ ಕೊನೆಯಲ್ಲಿ ಕಲ್ಕತ್ತದ ಲೀಗು ತೊಡಗಿ ಮಳೆಗಾಲದ ಉದ್ದಕ್ಕೂ ಸಾಗುತ್ತಿದ್ದಿತು. ಅದರ ಬೆನ್ನಿಗೆ ಶೀಲ್ಡು. ಮುಂಬಯಿಯಲ್ಲಿ ಮಳೆ ಹಿಂತೆಗೆದ ಮೇಲೆ ಕೂಪರೇಜ್ ಮೈದಾನದಲ್ಲಿ ರೋವರ್ಸ್ ಕಪ್ಪು. ಚಳಿಗಾಲದಲ್ಲಿ ದೆಹಲಿಯ ಡ್ಯುರಾಂಡ್ ಕಪ್ಪು. ಒಂದೇ ತಂಡವು ರೈಲು ಹತ್ತಿ ಊರಿಂದೂರಿಗೆ ಹೋಗಿ ಇವೆಲ್ಲವನ್ನೂ ಆಡುತ್ತಿದ್ದುದುಂಟು. ಸೋತರೆ ಮನೆಗೆ, ಗೆದ್ದರೆ ಮುಂದಿನ ಸುತ್ತಿಗೆ ಎಂಬುದು ಕಪ್ಪುಗಳ ನಿಯಮ. ಆದಕಾರಣ ಕಲ್ಕತ್ತದ ಹೊರಗೆ ಎಷ್ಟೋ ಒಳ್ಳೆಯ ತಂಡಗಳಿಗೆ ವರುಷದಲ್ಲಿ ಕಠಿಣವಾದ ಪಂದ್ಯಗಳು ಬೆರಳೆಣಿಕೆಯಷ್ಟೇ ದೊರಕುತ್ತಿದ್ದುವು. ದೇಶೀಯ ಪಂದ್ಯಗಳ ಅವಧಿಯೂ ಅಂತರರಾಷ್ಟ್ರೀಯ ನಿಯಮದ 90 ನಿಮಿಷಗಳಿಗಿಂತ ಕಡಮೆಯಾಗಿದ್ದಿತು.

2. ಆಟಗಾರರು ಬಂದ ದಾರಿಗಳು

ಜಕಾರ್ತಕ್ಕೆ ಹೋದ ತಂಡದ ಸದಸ್ಯರ ಪಟ್ಟಿಯನ್ನು ಅವರ ಅನ್ನದಾತರ ಪಟ್ಟಿಯನ್ನಾಗಿ ಓದಿದರೆ ಈ ವ್ಯವಸ್ಥೆಯ ಬಲಾಬಲಗಳು ತಾವಾಗಿಯೇ ಗೋಚರವಾಗುತ್ತವೆ. ನಾಯಕ ಚುನಿ ಗೋಸ್ವಾಮಿ ಮೋಹನ್ ಬಾಗಾನ್ ಕ್ಲಬ್ಬಿನವರು. ತಮ್ಮ ಜೀವಮಾನದಲ್ಲಿ ಬೇರೊಂದು ಕ್ಲಬ್ಬಿಗೆ ಆಡಿದವರಲ್ಲ. ಬಲಪಾರ್ಶ್ವದ ಪಿ. ಕೆ. ಬ್ಯಾನರ್ಜಿಯವರು ಕಲ್ಕತ್ತದ ಮೂರು ಹೆಸರಾಂತ ಕ್ಲಬ್ಬುಗಳಲ್ಲಿ ಯಾವುದನ್ನೂ ಸೇರದೆ ಈಸ್ಟರ್ನ್ ರೈಲ್ವೆಯ ನೌಕರರಾಗಿ ಅದರ ತಂಡದಲ್ಲಿಯೇ ಉಳಿದವರು. ತುಳಸೀದಾಸ ಬಲರಾಮ್ ಸಿಕಂದರಾಬಾದಿನ ಬಡ ಕುಟುಂಬದಿಂದ ಬಂದು ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಕೀರ್ತಿ ಪಡೆದವರು. ಪಂಜಾಬಿನ ಜರ್ನೈಲ್ ಸಿಂಗ್ ಕಲ್ಕತ್ತಕ್ಕೆ ಬಂದು ಮೋಹನ್ ಬಾಗಾನಿನ ರಕ್ಷಣೆಯ ಆಧಾರಸ್ತಂಭವಾದವರು. ಗೋಲ್‌ಕೀಪರ್ ಪೀಟರ್ ತಂಗರಾಜ್ ಸೈನ್ಯದ ಮದರಾಸ್ ರೆಜಿಮೆಂಟಿನಲ್ಲಿ ಪಳಗಿದವರು. ಯೂಸುಫ್ ಖಾನ್ ಹೈದರಾಬಾದಿನ ಪೋಲೀಸ್ ತಂಡದವರು. ಫ್ರಾಂಕೋ ಮತ್ತು ಚಂದ್ರಶೇಖರ್ ಮುಂಬಯಿಯ ಕಂಪೆನಿ ತಂಡಗಳಲ್ಲಿ ಆಡುತ್ತಿದ್ದವರು. ಎರಡನೆಯವರ ಹುಟ್ಟೂರು ಕೇರಳದ ಇರಿಂಜಾಲಕುಡ.

ನಮ್ಮ ಬೆಂಗಳೂರಿನ ಅರುಮೈನಾಯಗಂ ಅವರೂ ಈ ತಂಡದಲ್ಲಿದ್ದರು. ಅವರು ಕಲ್ಕತ್ತದಲ್ಲಿ ಮೋಹನ್ ಬಾಗಾನಿಗೆ ಆಡುತ್ತಿದ್ದರು. ಬೆಂಗಳೂರಿನಿಂದ ಕಲ್ಕತ್ತಕ್ಕೆ ಹೋದವರಲ್ಲಿ ಇವರು ಮೊದಲಿಗರೇನೂ ಅಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಮೇಲೆ ಭಾರತದ ಏಕೈಕ ಗೋಲನ್ನು ಹೊಡೆದ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹಮದ್ ಖಾನರೂ ಬೆಂಗಳೂರಿನವರೇ. ಅವರು ಮುಂದೆ ಈಸ್ಟ್ ಬೆಂಗಾಲಿನ ಪ್ರಖ್ಯಾತ ಮುಂಚೂಣಿಯಲ್ಲಿ ಒಬ್ಬರಾದರು. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿದ ತಂಡದಲ್ಲಿ ಮೈಸೂರು ಸೀಮೆಯ ಕೆಂಪಯ್ಯನವರಿದ್ದರು. ಬೆಂಗಳೂರು ದಂಡಿನ ಹಲಸೂರು, ಗೌತಮಪುರ ಮೊದಲಾದ ಬೀದಿಗಳಲ್ಲಿ ಪಲ್ಟನ್ನುಗಳ ಆಟವನ್ನು ನೋಡಿ ಕಲಿತ ಹುಡುಗರಿಗೆ ಅನ್ನ ದೊರೆಯುತ್ತಿದ್ದುದು ಬಹುಮಟ್ಟಿಗೆ ಹೂಗ್ಲಿ ನದಿಯ ದಡದಲ್ಲಿ.

ಕ್ಲಬ್ಬು, ರೈಲ್ವೆ, ಪೋಲೀಸು, ಸೈನ್ಯ, ಕಂಪೆನಿ ಎಂಬ ಈ ಐದು ಆಸರೆಗಳು ಆಟಗಾರನಿಗೆ ಜೀವನೋಪಾಯವನ್ನು ಒದಗಿಸಿದುವು. ಆದರೆ ಅವುಗಳನ್ನು ಒಂದು ಸೂತ್ರದಲ್ಲಿ ಪೋಣಿಸುವ ಸಂಸ್ಥೆಯೊಂದು ಇರಲಿಲ್ಲ. ಆ ಕಾರ್ಯವನ್ನು ಮಾಡಿದುದು ಒಬ್ಬ ವ್ಯಕ್ತಿ.

3. ರಹೀಮ್ ಸಾಹೇಬರು

ಸೈಯದ್ ಅಬ್ದುಲ್ ರಹೀಮರು 1909ರಲ್ಲಿ ಹೈದರಾಬಾದಿನಲ್ಲಿ ಜನಿಸಿದರು. ಮೂಲತಃ ಶಾಲೆಯ ಉಪಾಧ್ಯಾಯರು. ಅವರು ತರಬೇತು ಮಾಡಿದ ಹೈದರಾಬಾದ್ ನಗರ ಪೋಲೀಸ್ ತಂಡವು 1950ರಿಂದ 1954ರವರೆಗೆ ಐದು ವರ್ಷಗಳ ಕಾಲ ಸತತವಾಗಿ ರೋವರ್ಸ್ ಕಪ್ಪನ್ನು ಗೆದ್ದಿತು. 1951ರ ಏಷ್ಯನ್ ಚಿನ್ನ, 1956ರ ಒಲಿಂಪಿಕ್ ನಾಲ್ಕನೆಯ ಸ್ಥಾನ, 1962ರ ಚಿನ್ನ ಇವು ಮೂರೂ ಅವರ ಶಿಕ್ಷಣದ ಫಲಗಳು.

ಅವರ ವೈಶಿಷ್ಟ್ಯವೇನೆಂದರೆ, ಬೇರೆ ಬೇರೆ ಪದ್ಧತಿಯಲ್ಲಿ ಆಡುತ್ತಿದ್ದವರನ್ನು ಕೆಲವೇ ವಾರಗಳ ಶಿಬಿರದಲ್ಲಿ ಒಂದೇ ಪದ್ಧತಿಗೆ ತರುವ ಸಾಮರ್ಥ್ಯ. ಹೈದರಾಬಾದಿನವನಿಗೆ ಚೆಂಡನ್ನು ನೆಲದ ಮೇಲೆ ಹತ್ತಿರದವನಿಗೆ ದಾಟಿಸುವ ಅಭ್ಯಾಸ, ಕಲ್ಕತ್ತದಲ್ಲಿ ಆಡಿದವನಿಗೆ ಕೆಸರು ನೆಲದ ಮೇಲೆ ಸೆಣಸಿದ ಅನುಭವ, ಪಂಜಾಬಿನವನಿಗೆ ದೇಹಬಲ. ಇವುಗಳಲ್ಲಿ ಒಂದೊಂದನ್ನೂ ಅದರದರ ಸ್ಥಾನದಲ್ಲಿ ಬಳಸುವುದನ್ನು ಅವರು ಬಲ್ಲವರಾಗಿದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯವು ನಮ್ಮ ತಂಡವನ್ನು 10–1ರಿಂದ ಸೋಲಿಸಿದ ಬಳಿಕ ಬರಿಗಾಲಿನ ಆಟವು ಕೊನೆಗಂಡು ಬೂಟು ಕಡ್ಡಾಯವಾಯಿತು. ಬೂಟಿನೊಂದಿಗೆ ಹೊಸ ವ್ಯೂಹಗಳನ್ನು ಕಲಿಸುವ ಭಾರವು ರಹೀಮರ ಮೇಲೆ ಬಿದ್ದಿತು. 1960ರಲ್ಲಿ ರೋಮಿನಲ್ಲಿ ಭಾರತವು ಹಂಗರಿಯೊಡನೆ 1–2ರಿಂದ ಮಾತ್ರ ಸೋತು, ಫ್ರಾನ್ಸಿನೊಡನೆ 1–1ರಿಂದ ಸಮಮಾಡಿಕೊಂಡುದು ಆ ಶಿಕ್ಷಣವು ಎಲ್ಲಿಯವರೆಗೆ ಮುಟ್ಟಿತ್ತೆಂಬುದಕ್ಕೆ ನಿದರ್ಶನ.

4. ಮಳೆಗಾಲದಿಂದ ಜಕಾರ್ತಕ್ಕೆ

1962ರ ಕಲ್ಕತ್ತ ಲೀಗನ್ನೂ ಐ.ಎಫ್.ಎ. ಶೀಲ್ಡನ್ನೂ ಮೋಹನ್ ಬಾಗಾನ್ ತಂಡವೇ ಗೆದ್ದಿತು. ಲೀಗಿನ ಆ ಜಯವು 1965ರವರೆಗೆ ಸತತವಾಗಿ ನಾಲ್ಕು ವರ್ಷ ನಡೆದ ಪ್ರಾಬಲ್ಯದ ಮೊದಲ ಹೆಜ್ಜೆ. ಏಷ್ಯನ್ ಕ್ರೀಡೋತ್ಸವವು ಆಗಸ್ಟ್ 24ರಿಂದ ಸೆಪ್ಟೆಂಬರ್ 4ರವರೆಗೆ, ಎಂದರೆ ಕಲ್ಕತ್ತದ ಮಳೆಗಾಲದ ಋತುವಿನ ನಟ್ಟನಡುವೆ ಬಂದಿತು.

ಪ್ರಾಥಮಿಕ ಸುತ್ತಿನಲ್ಲಿ ಭಾರತಕ್ಕೆ ದೊರೆತ ಗುಂಪು ಸುಲಭವಾದುದಾಗಿರಲಿಲ್ಲ. ಮೊದಲ ಪಂದ್ಯದಲ್ಲಿ ದಕ್ಷಿಣ ಕೊರಿಯವು ನಮ್ಮನ್ನು 2–0ಯಿಂದ ಸೋಲಿಸಿತು. ಎರಡನೆಯದರಲ್ಲಿ ಭಾರತ ಥಾಯ್ಲೆಂಡನ್ನು 4–1ರಿಂದ ಸೋಲಿಸಿತಾದರೂ ಆ ಪಂದ್ಯದಲ್ಲಿ ಜರ್ನೈಲ್ ಸಿಂಗರ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಮೂರನೆಯದರಲ್ಲಿ ಬ್ಯಾನರ್ಜಿ ಮತ್ತು ಬಲರಾಮ್ ಒಂದೊಂದು ಗೋಲು ಹೊಡೆದು ಜಪಾನನ್ನು 2–0ಯಿಂದ ಸೋಲಿಸಿದರು. ಈ ಜಪಾನ್ ಪಂದ್ಯವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಲೇಖನದ ಕೊನೆಯ ಭಾಗದಲ್ಲಿ ಇದಕ್ಕೆ ಮರಳಿ ಬರಬೇಕಾಗಿದೆ.

ಉಪಾಂತ್ಯದಲ್ಲಿ ಎದುರಾದುದು ದಕ್ಷಿಣ ವಿಯೆಟ್ನಾಂ. ಇಲ್ಲಿ ರಹೀಮರು ಕೈಗೊಂಡ ನಿರ್ಧಾರವು ಆಟದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ತಲೆಗೆ ಕಟ್ಟು ಹಾಕಿದ್ದ ಜರ್ನೈಲರನ್ನು ರಕ್ಷಣೆಯಲ್ಲಿ ನಿಲ್ಲಿಸಿದರೆ ಎತ್ತರದಿಂದ ಬರುವ ಚೆಂಡುಗಳಿಗೆ ಪದೇ ಪದೇ ತಲೆಯೊಡ್ಡಬೇಕಾಗುತ್ತದೆ. ಕೈಬಿಟ್ಟರೆ ತಂಡದ ಧೈರ್ಯವೇ ಕುಗ್ಗುತ್ತದೆ. ಆದುದರಿಂದ ಅವರನ್ನು ಮುಂಚೂಣಿಯ ಮಧ್ಯಸ್ಥಾನಕ್ಕೆ ಕಳುಹಿಸಿ, ಅರುಣ್ ಘೋಷರಿಗೆ ರಕ್ಷಣೆಯ ಹೊಣೆಯನ್ನು ಹೊರಿಸಲಾಯಿತು. ಜರ್ನೈಲರು ಒಂದು ಗೋಲನ್ನೂ ಗೋಸ್ವಾಮಿಯವರು ಎರಡನ್ನೂ ಹೊಡೆದರು. ಭಾರತ 3–2ರಿಂದ ಗೆದ್ದಿತು.

5. ಅಂತಿಮ ಪಂದ್ಯದ ರಾಜಕೀಯ

ಅಂತಿಮ ಪಂದ್ಯದ ವಾತಾವರಣವನ್ನು ಅರಿಯಬೇಕಾದರೆ ಮೈದಾನದ ಹೊರಗೆ ನಡೆದುದನ್ನು ಗಮನಿಸಬೇಕು. ಇಂಡೋನೇಷ್ಯದ ಸರ್ಕಾರವು ಇಸ್ರೇಲ್ ಮತ್ತು ತೈವಾನ್ ದೇಶಗಳ ಕ್ರೀಡಾಪಟುಗಳಿಗೆ ಪ್ರವೇಶವನ್ನು ಕೊಡಲಿಲ್ಲ. ಏಷ್ಯನ್ ಕ್ರೀಡೋತ್ಸವದ ಸ್ಥಾಪಕರಲ್ಲಿ ಒಬ್ಬರೂ ಲಾಹೋರಿನ ಸರ್ಕಾರಿ ಕಾಲೇಜಿನ ಪ್ರಿನ್ಸಿಪಾಲರಾಗಿದ್ದವರೂ ಆದ ಗುರುದತ್ತ ಸೋಂಧಿಯವರು ಇದನ್ನು ಆಕ್ಷೇಪಿಸಿದರು. ಸದಸ್ಯ ರಾಷ್ಟ್ರಗಳನ್ನು ಹೊರಗಿಟ್ಟ ಕೂಟವನ್ನು ‘ಏಷ್ಯನ್ ಕ್ರೀಡೋತ್ಸವ’ವೆಂದು ಕರೆಯಲಾಗದು ಎಂಬುದು ಅವರ ವಾದದ ಸಾರ. ವಾದವು ನಿಯಮಬದ್ಧವಾಗಿಯೇ ಇದ್ದಿತು. ಆದರೆ ಹೊಸದಾಗಿ ಸ್ವತಂತ್ರವಾಗಿ, ಬಹುದೊಡ್ಡ ಕ್ರೀಡಾಂಗಣವನ್ನು ಕಟ್ಟಿ, ಜಗತ್ತನ್ನು ಕರೆದಿದ್ದ ಒಂದು ರಾಷ್ಟ್ರವು ಅದನ್ನು ಅವಮಾನವೆಂದೇ ಭಾವಿಸಿತು. ಸೆಪ್ಟೆಂಬರ್ 3ರಂದು ಗುಂಪೊಂದು ಜಕಾರ್ತದ ಭಾರತೀಯ ರಾಯಭಾರ ಕಚೇರಿಯ ಮೇಲೆ ನುಗ್ಗಿತು. ಸೋಂಧಿಯವರು ನಗರವನ್ನು ಬಿಡಬೇಕಾಯಿತು.

ಮರುದಿನ ಸೆನಾಯನ್ ಕ್ರೀಡಾಂಗಣದಲ್ಲಿ ಸುಮಾರು ಒಂದು ಲಕ್ಷ ಪ್ರೇಕ್ಷಕರ ಮುಂದೆ ಭಾರತ ಆಡಿತು. ಆ ಜನಸ್ತೋಮವು ಬಹುಮಟ್ಟಿಗೆ ಭಾರತಕ್ಕೆ ಪ್ರತಿಕೂಲವಾಗಿದ್ದಿತು. ನಮ್ಮ ರಾಷ್ಟ್ರಗೀತೆಯು ಕೂಗಾಟದಲ್ಲಿ ಮುಳುಗಿತು. ಜ್ವರದಿಂದ ಹೊರಗುಳಿದಿದ್ದ ನೀಳಕಾಯದ ತಂಗರಾಜರನ್ನು ರಹೀಮರು ಮತ್ತೆ ಗೋಲಿನಲ್ಲಿ ನಿಲ್ಲಿಸಿದರು. 17ನೆಯ ನಿಮಿಷದಲ್ಲಿ ಬ್ಯಾನರ್ಜಿಯವರೂ 20ನೆಯ ನಿಮಿಷದಲ್ಲಿ ಜರ್ನೈಲ್ ಸಿಂಗರೂ ಗೋಲು ಹೊಡೆದರು. ಮೊದಲ ಪಂದ್ಯದಲ್ಲಿ ನಮ್ಮನ್ನು ಸುಲಭವಾಗಿ ಸೋಲಿಸಿದ್ದ ಕೊರಿಯಕ್ಕೆ ದೊರೆತುದು ಒಂದೇ ಗೋಲು. ಅದೂ 85ನೆಯ ನಿಮಿಷದಲ್ಲಿ.

ಇಲ್ಲಿ ಆಧಾರಗಳನ್ನು ಕುರಿತು ಒಂದು ಮಾತನ್ನು ಹೇಳಬೇಕು. ಗೋಲುಗಳ ಸಂಖ್ಯೆ, ನಿಮಿಷ, ಆಟಗಾರರ ಹೆಸರು ಇವು ದಾಖಲೆಯಿಂದ ತಿಳಿಯಬರುವ ಸಂಗತಿಗಳು. ಹಿಂದಿನ ರಾತ್ರಿ ರಹೀಮರು ಹುಡುಗರನ್ನು ಕರೆದು ಚಿನ್ನವನ್ನು ತಮಗೆ ಕಾಣಿಕೆಯಾಗಿ ಕೇಳಿದರೆಂಬುದೂ, ಆ ಪ್ರತಿಕೂಲ ಸಭೆಯಲ್ಲಿ ಪಾಕಿಸ್ತಾನದ ಹಾಕಿ ಆಟಗಾರರು ಭಾರತದ ಪರವಾಗಿ ಕೂಗಿ ಹುರಿದುಂಬಿಸಿದರೆಂಬುದೂ ಆಟಗಾರರ ನೆನಪುಗಳಿಂದ ತಿಳಿಯಬರುವ ಸಂಗತಿಗಳು. ನೆನಪು ಸುಳ್ಳೆಂದಲ್ಲ, ಆದರೆ ಹೇಳಿದಷ್ಟು ಸಲವೂ ಅದು ಸ್ವಲ್ಪ ಹೊಳಪು ಪಡೆಯುವುದುಂಟು. 2024ರಲ್ಲಿ ರಹೀಮರ ಜೀವನವನ್ನು ಆಧರಿಸಿದ ಹಿಂದೀ ಚಲನಚಿತ್ರವು ತೆರೆಕಂಡ ಮೇಲೆ ಆ ಹೊಳಪು ಇನ್ನೂ ಹೆಚ್ಚಿದೆ. ಎರಡು ಬಗೆಯ ಸಂಗತಿಗಳನ್ನೂ ಇಟ್ಟುಕೊಂಡು, ಯಾವುದು ಯಾವ ಬಗೆಯದೆಂಬುದನ್ನು ಮರೆಯದಿರುವುದು ಚರಿತ್ರಕಾರನ ಕರ್ತವ್ಯ.

6. ಋತುವಿನ ಉತ್ತರಾರ್ಧ: ಯುದ್ಧ ಮತ್ತು ಬೆಂಗಳೂರು

ಜಕಾರ್ತದ ಜಯಕ್ಕೆ ಏಳು ವಾರಗಳು ತುಂಬುವುದರೊಳಗೆ, ಅಕ್ಟೋಬರ್ 20ರಂದು, ಚೀನಾ ದೇಶದ ಸೈನ್ಯವು ನಮ್ಮ ಉತ್ತರದ ಗಡಿಯನ್ನು ಮೀರಿ ಬಂದಿತು. ಅಕ್ಟೋಬರ್ 26ರಂದು ರಾಷ್ಟ್ರದಲ್ಲಿ ತುರ್ತು ಪರಿಸ್ಥಿತಿಯನ್ನು ಘೋಷಿಸಲಾಯಿತು. ಆ ವರುಷದ ಡ್ಯುರಾಂಡ್ ಪಂದ್ಯಾವಳಿಯು ನಡೆಯಲೇ ಇಲ್ಲ. ಸೈನ್ಯದ ಆಶ್ರಯದಲ್ಲಿ ಹುಟ್ಟಿ ಸೈನ್ಯದ ಆಡಳಿತದಲ್ಲಿಯೇ ಇದ್ದ ಪಂದ್ಯಾವಳಿಯು ಯುದ್ಧದ ವರುಷದಲ್ಲಿ ನಿಂತುದರಲ್ಲಿ ಆಶ್ಚರ್ಯವಿಲ್ಲ. ಆದರೂ ಇದರ ಪರಿಣಾಮವನ್ನು ಗಮನಿಸಬೇಕು. ಏಷ್ಯದ ವಿಜೇತರಾಗಿ ಮರಳಿದವರು ರಾಜಧಾನಿಯ ಜನರ ಮುಂದೆ ಆಡಬಹುದಾಗಿದ್ದ ಸಂದರ್ಭವು ತಪ್ಪಿಹೋಯಿತು. ದೇಶದ ಮನಸ್ಸು ಬೇರೆಡೆಗೆ ತಿರುಗಿತು; ಸೆಪ್ಟೆಂಬರಿನ ಹರ್ಷವು ನವೆಂಬರಿನ ದುಃಖದಲ್ಲಿ ಅಡಗಿತು. ಮುಂಬಯಿಯ ರೋವರ್ಸ್ ಕಪ್ಪನ್ನು ಆ ಋತುವಿನಲ್ಲಿ ಈಸ್ಟ್ ಬೆಂಗಾಲ್ ಮತ್ತು ಆಂಧ್ರ ಪೋಲೀಸ್ ತಂಡಗಳು ಜಂಟಿಯಾಗಿ ಹಂಚಿಕೊಂಡವು.

1962–63ರ ಸಂತೋಷ್ ಟ್ರೋಫಿಯ ಆತಿಥ್ಯವು ಬೆಂಗಳೂರಿನ ಪಾಲಿಗೆ ಬಂದಿತು. ಮೈಸೂರು ರಾಜ್ಯದ ತಂಡವು ಅಂತಿಮ ಪಂದ್ಯವನ್ನು ತಲುಪಿತು. 1946–47ರಲ್ಲಿಯೂ 1952–53ರಲ್ಲಿಯೂ ಇದೇ ಬೆಂಗಳೂರಿನಲ್ಲಿ ಇದೇ ಬಂಗಾಳವನ್ನು ಸೋಲಿಸಿ ಮೈಸೂರು ಟ್ರೋಫಿಯನ್ನು ಗೆದ್ದಿದ್ದಿತು. ಮೂರನೆಯ ಸಲವೂ ಹಾಗೆಯೇ ಆದೀತೆಂದು ಊರಿನವರು ಆಶಿಸಿದ್ದರೆ ಅದು ಸಹಜವೇ. ಆದರೆ ಈ ಬಾರಿ ಬಂಗಾಳ 2–0ಯಿಂದ ಗೆದ್ದಿತು.

ಈ ಫಲಿತಾಂಶವನ್ನು ಎರಡು ಪ್ರಾಂತಗಳ ಬಲಾಬಲವೆಂದು ಸರಳವಾಗಿ ಓದಲಾಗದು. ಕಲ್ಕತ್ತದ ಕ್ಲಬ್ಬು ಸೇರಿದ ಹೊರಗಿನ ಆಟಗಾರರು ಬಂಗಾಳದ ಪರವಾಗಿ ಆಡುವುದು ಆಗಿನ ವಾಡಿಕೆ. ಸಿಕಂದರಾಬಾದಿನ ಬಲರಾಮರೇ ಬಂಗಾಳದ ಪರ ಆಡಿ ಸಂತೋಷ್ ಟ್ರೋಫಿಯನ್ನು ಗೆದ್ದವರು. ಆದ್ದರಿಂದ ‘ಬಂಗಾಳ’ವೆಂಬ ಹೆಸರಿನ ಹಿಂದೆ ಇಡೀ ದೇಶದ ಪ್ರತಿಭೆಯು ನಿಂತಿದ್ದಿತು. ಮೈಸೂರು, ಹೈದರಾಬಾದುಗಳಂಥ ಪ್ರಾಂತಗಳು ಆಟಗಾರರನ್ನು ಬೆಳೆಸುತ್ತಿದ್ದುವು. ಕಲ್ಕತ್ತ ಅವರನ್ನು ಬಾಚಿಕೊಳ್ಳುತ್ತಿದ್ದಿತು. ಹೀಗಿದ್ದೂ ಮೈಸೂರು 1967–68ರಲ್ಲಿ ಕಟಕದಲ್ಲಿಯೂ 1968–69ರಲ್ಲಿ ಬೆಂಗಳೂರಿನಲ್ಲಿಯೂ ಬಂಗಾಳವನ್ನು 1–0ಯಿಂದ ಸೋಲಿಸಿತೆಂಬುದು ಇಲ್ಲಿಯ ನೆಲದ ಫಲವತ್ತತೆಗೆ ಸಾಕ್ಷಿ. ಆದರೆ ಅಲ್ಲಿಂದ ಮುಂದೆ ನಮ್ಮ ರಾಜ್ಯಕ್ಕೆ ಆ ಟ್ರೋಫಿಯು ಮತ್ತೆ ದೊರೆತುದು 54 ವರ್ಷಗಳ ತರುವಾಯ, 2023ರ ಮಾರ್ಚಿಯಲ್ಲಿ, ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ.

7. ಜಯವು ಏಕೆ ನಿಲ್ಲಲಿಲ್ಲ

1963ರ ಜೂನ್ 11ರಂದು ರಹೀಮರು ಅರ್ಬುದರೋಗದಿಂದ ತೀರಿಕೊಂಡರು. ಅದೇ ವರುಷ ಬಲರಾಮ್ ಅನಾರೋಗ್ಯದಿಂದ, ಮೂವತ್ತು ತುಂಬುವ ಮೊದಲೇ, ಆಟದಿಂದ ನಿವೃತ್ತರಾದರು. 1964ರಲ್ಲಿ ಚುನಿ ಗೋಸ್ವಾಮಿಯವರು ಅಂತರರಾಷ್ಟ್ರೀಯ ಆಟವನ್ನು ಬಿಟ್ಟರು. ಅದೇ ವರುಷ ಇಸ್ರೇಲಿನಲ್ಲಿ ನಾಲ್ಕೇ ತಂಡಗಳು ಆಡಿದ ಏಷ್ಯನ್ ಕಪ್ಪಿನಲ್ಲಿ ಭಾರತಕ್ಕೆ ಎರಡನೆಯ ಸ್ಥಾನ ದೊರೆಯಿತು. ಆದರೆ 1966ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ನಮ್ಮ ತಂಡವು ಮೊದಲ ಸುತ್ತನ್ನೇ ದಾಟಲಿಲ್ಲ. 1970ರಲ್ಲಿ ಕಂಚು ಬಂದಿತು. 1960ರ ರೋಮಿನ ಬಳಿಕ ಭಾರತದ ಪುರುಷರ ತಂಡವು ಒಲಿಂಪಿಕ್ಸ್‌ನ ಕಾಲ್ಚೆಂಡಾಟವನ್ನು ಮತ್ತೆ ಆಡಿಲ್ಲ.

ಇದಕ್ಕೆ ದೈಹಿಕ ಶಕ್ತಿಯ ಕೊರತೆಯನ್ನೋ ಹಣದ ಕೊರತೆಯನ್ನೋ ಕಾರಣವಾಗಿ ಹೇಳುವವರುಂಟು. ಇವು ಸಂಪೂರ್ಣ ಅಸತ್ಯವಲ್ಲವಾದರೂ ಸಾಲವು. ಏಕೆಂದರೆ, 1962ರಲ್ಲಿ ನಮ್ಮಿಂದ 2–0ಯಿಂದ ಸೋತ ಜಪಾನಿನ ಉದಾಹರಣೆಯು ನಮ್ಮ ಮುಂದಿದೆ. ಅಲ್ಲಿಯೂ ಆಗ ವೃತ್ತಿನಿರತ ಆಟಗಾರರಿರಲಿಲ್ಲ. ಆಟಗಾರರು ಕಾರ್ಖಾನೆಗಳ, ಕಂಪೆನಿಗಳ ನೌಕರರು. ದೇಹದ ಎತ್ತರದಲ್ಲಿಯೂ ಅವರು ನಮಗಿಂತ ಅನುಕೂಲಸ್ಥರಲ್ಲ. ಆದರೆ ಜಪಾನು 1960ರಲ್ಲಿ ಜರ್ಮನಿಯ ಡೆಟ್ಮಾರ್ ಕ್ರಾಮರ್ ಎಂಬ ಶಿಕ್ಷಕನನ್ನು ಬರಮಾಡಿಕೊಂಡಿತು. 1965ರಲ್ಲಿ ಎಂಟು ಕಂಪೆನಿ ತಂಡಗಳನ್ನು ಒಂದುಗೂಡಿಸಿ ರಾಷ್ಟ್ರೀಯ ಲೀಗನ್ನು ಸ್ಥಾಪಿಸಿತು. 1968ರಲ್ಲಿ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕವನ್ನು ಗೆದ್ದಿತು.

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಮೂರು ವರುಷದ ಲೀಗೊಂದೇ ಪದಕವನ್ನು ತಂದುಕೊಟ್ಟಿತೆಂದು ಹೇಳುವುದು ಸರಿಯಲ್ಲ. 1964ರ ತೋಕ್ಯೋ ಒಲಿಂಪಿಕ್ಸ್‌ಗಾಗಿ ಆ ದೇಶವು ಮಾಡಿಕೊಂಡ ಸಿದ್ಧತೆಯೂ ಅದರಲ್ಲಿ ಸೇರಿದೆ. ಆದರೆ ಎರಡು ದೇಶಗಳು ತಮ್ಮ ಒಬ್ಬೊಬ್ಬ ಸಮರ್ಥ ಶಿಕ್ಷಕನಿಂದ ಪಡೆದುಕೊಂಡುದರಲ್ಲಿರುವ ಅಂತರವು ಸ್ಪಷ್ಟ. ಕ್ರಾಮರನು ಹೋದ ಮೇಲೆ ಜಪಾನಿನಲ್ಲಿ ವ್ಯವಸ್ಥೆಯೊಂದು ಉಳಿಯಿತು. ರಹೀಮರು ಹೋದ ಮೇಲೆ ನಮ್ಮಲ್ಲಿ ನೆನಪು ಉಳಿಯಿತು. ರೈಲ್ವೆ, ಪೋಲೀಸು, ಸೈನ್ಯ, ಕಂಪೆನಿ, ಕ್ಲಬ್ಬು ಎಲ್ಲವೂ ನಮ್ಮಲ್ಲಿಯೂ ಇದ್ದುವು. ಬಹುಶಃ ಜಪಾನಿಗಿಂತ ಹೆಚ್ಚಾಗಿಯೇ ಇದ್ದುವು. ಅವುಗಳನ್ನು ವರುಷದ ಉದ್ದಕ್ಕೂ ಪೂರ್ಣಾವಧಿಯ ಪಂದ್ಯಗಳಲ್ಲಿ ಪರಸ್ಪರ ಎದುರು ನಿಲ್ಲಿಸುವ ಏರ್ಪಾಡು ಮಾತ್ರ ಇರಲಿಲ್ಲ. ಶಿಬಿರದ ಕೆಲವು ವಾರಗಳಲ್ಲಿ ಒಬ್ಬ ಉಪಾಧ್ಯಾಯನು ಕಲಿಸಬಹುದಾದುದನ್ನೆಲ್ಲ ರಹೀಮರು ಕಲಿಸಿದರು. ಒಂದು ಋತುವು ಕಲಿಸಬೇಕಾದುದನ್ನು ಒಬ್ಬ ಮನುಷ್ಯನು ಎಷ್ಟು ಕಾಲ ತಾನೇ ಕಲಿಸಿಯಾನು? ಜಪಾನು 1965ರಲ್ಲಿ ಮಾಡಿದುದನ್ನು ನಾವು ಮಾಡಿದುದು 31 ವರ್ಷಗಳ ಬಳಿಕ.

ಆದ್ದರಿಂದ 1962ರ ಚಿನ್ನವು ನಮ್ಮ ವ್ಯವಸ್ಥೆಯ ಶ್ರೇಷ್ಠತೆಗೆ ಪ್ರಮಾಣವೆಂದು ತಿಳಿಯುವುದು ತಪ್ಪು. ವ್ಯವಸ್ಥೆಯ ಅಭಾವವನ್ನು ಪ್ರತಿಭೆಯೂ ಒಬ್ಬ ಸಮರ್ಥ ಗುರುವೂ ಸೇರಿ ಕೆಲಕಾಲ ಮರೆಮಾಡಿದುದಕ್ಕೆ ಅದು ಪ್ರಮಾಣ. ಪದಕದ ಹೊಳಪು ಆ ಅಭಾವವನ್ನು ಕಾಣದಂತೆ ಮಾಡಿತೆಂಬುದೇ ಅದರ ದುರಂತ. ಗೆದ್ದ ವರುಷದಲ್ಲಿ ತಿದ್ದಿಕೊಳ್ಳುವುದು ಸೋತ ವರುಷದಲ್ಲಿ ತಿದ್ದಿಕೊಳ್ಳುವುದಕ್ಕಿಂತ ಕಷ್ಟವೆಂಬುದು ಆಟಕ್ಕೆ ಮಾತ್ರವಲ್ಲ, ರಾಜ್ಯಗಳ ಚರಿತ್ರೆಗೂ ಸಲ್ಲುವ ಮಾತು.

8. ಉಪಸಂಹಾರ

ಜರ್ನೈಲ್ ಸಿಂಗರು 2000ದಲ್ಲಿ, ತಂಗರಾಜರು 2008ರಲ್ಲಿ ಗತಿಸಿದರು. 2020ರ ಮಾರ್ಚ್ 20ರಂದು ಬ್ಯಾನರ್ಜಿಯವರೂ, ಏಪ್ರಿಲ್ 30ರಂದು ಗೋಸ್ವಾಮಿಯವರೂ ಕಾಲವಾದರು. 2021ರಲ್ಲಿ ಫ್ರಾಂಕೋ ಮತ್ತು ಚಂದ್ರಶೇಖರ್, 2023ರ ಫೆಬ್ರವರಿಯಲ್ಲಿ ಬಲರಾಮ್. ಮೂರು ವರ್ಷಗಳ ಅವಧಿಯಲ್ಲಿ ಜಕಾರ್ತದ ಬಾಯಿಮಾತಿನ ಚರಿತ್ರೆಯ ಬಹುಭಾಗವು ಮುಗಿದುಹೋಯಿತು.

ಅಂತಿಮ ಪಂದ್ಯದ ಕಥೆಯನ್ನಾದರೂ ಇವರು ಹಲವು ಬಾರಿ ಹೇಳಿ ಹೋಗಿದ್ದಾರೆ. ಉಳಿದ ಋತುವಿನ ಕಥೆಯನ್ನು ಕೇಳಿದವರು ಕಡಮೆ. ಬೆಂಗಳೂರಿನ ಸಂತೋಷ್ ಟ್ರೋಫಿಯ ಪಂದ್ಯಗಳನ್ನು ನೋಡಿದವರು, ಹಲಸೂರಿನ ತಂಡಗಳಲ್ಲಿ ಆಡಿ ಕಲ್ಕತ್ತದ ರೈಲು ಹತ್ತಿದವರು, ಕಾರ್ಖಾನೆಯ ತಂಡಗಳಲ್ಲಿ ಸಂಜೆಯ ಅಭ್ಯಾಸಕ್ಕಾಗಿ ಒಂದು ಗಂಟೆ ರಜೆ ಕೇಳಿದವರು, ಇಂಥವರಲ್ಲಿ ಕೆಲವರು ಇನ್ನೂ ನಮ್ಮ ನಡುವೆ ಇದ್ದಾರು. ಪಂದ್ಯಾವಳಿಗಳ ಸ್ಮರಣ ಸಂಚಿಕೆಗಳು, ಗುಂಪಿನ ಛಾಯಾಚಿತ್ರಗಳು, ಪತ್ರಿಕೆಯ ತುಣುಕುಗಳು ಮನೆಮನೆಯ ಪೆಟ್ಟಿಗೆಗಳಲ್ಲಿ ಇದ್ದಾವು. ಶಾಸನಗಳನ್ನೂ ಕಡತಗಳನ್ನೂ ಅರಸುವ ಶ್ರದ್ಧೆಯಲ್ಲಿ ಒಂದಂಶವನ್ನು ಇವುಗಳ ಕಡೆಗೆ ತಿರುಗಿಸಿದರೆ ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳಿಗೆ ಒಳ್ಳೆಯ ಕೆಲಸ ದೊರೆಯುತ್ತದೆ. ಚಿನ್ನದ ದಿನವನ್ನು ದೇಶವು ಹೇಗೂ ಜ್ಞಾಪಕದಲ್ಲಿ ಇಟ್ಟುಕೊಳ್ಳುತ್ತದೆ. ಆ ದಿನವನ್ನು ಹೊತ್ತು ತಂದ ಋತುವನ್ನು ಜ್ಞಾಪಿಸಿಕೊಡುವ ಹೊಣೆ ಚರಿತ್ರೆಯನ್ನು ಓದುವವರದು, ಓದಿಸುವವರದು.